ಬೂಚೇಶ್ವರನಿಂದ ರಾಮೇಶ್ವರನವರೆಗೆ: ಹಾಸನ ಸೀಮೆಯ ಶಿವಕ್ಷೇತ್ರಗಳ ಐತಿಹ್ಯಗಳನ್ನು ಓದುವ ಬಗೆ

ಹಾಸನ ನಗರಕ್ಕೆ ಸಮೀಪದ ಕೋರವಂಗಲದಲ್ಲಿ ಬೂಚೇಶ್ವರನೆಂಬ ಹೆಸರಿನ ಶಿವಾಲಯವಿದೆ. ಹೊಯ್ಸಳ ಅಧಿಕಾರಿಯಾದ ಬೂಚಿರಾಜನು ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1173ರಲ್ಲಿ, ಇದನ್ನು ಕಟ್ಟಿಸಿದನೆಂಬುದು ಶಾಸನದಿಂದ ತಿಳಿದುಬರುತ್ತದೆ. ಅದೇ ಊರಿನಲ್ಲಿ ಅವನ ಸೋದರರ ಹೆಸರು ಹೊತ್ತ ಗೋವಿಂದೇಶ್ವರ ಮತ್ತು ನಾಕೇಶ್ವರ ಗುಡಿಗಳು ಶಿಥಿಲವಾಗಿ ನಿಂತಿವೆ. ಇದೇ ಜಿಲ್ಲೆಯ ಅರಕಲಗೂಡಿನಲ್ಲಿ ಅರ್ಕೇಶ್ವರನೆಂಬ ಶಿವನಿದ್ದಾನೆ. ಆ ತಾಲ್ಲೂಕಿನ ಕಾವೇರಿತೀರದ ರಾಮನಾಥಪುರದಲ್ಲಿ ರಾಮೇಶ್ವರನಿದ್ದಾನೆ. ಮೊದಲನೆಯ ಬಗೆಯ ಹೆಸರುಗಳು ಕಟ್ಟಿಸಿದವನನ್ನು ನೆನೆಯುತ್ತವೆ. ಎರಡನೆಯ ಬಗೆಯವು ಕಟ್ಟಿಸಿದವನನ್ನು ಮರೆತು ಋಷಿಯನ್ನೋ ದೇವತೆಯನ್ನೋ ಅವತಾರಪುರುಷನನ್ನೋ ನೆನೆಯುತ್ತವೆ. ಈ ವ್ಯತ್ಯಾಸ ಕೇವಲ ಹೆಸರಿನದಲ್ಲ. ಒಂದು ಗುಡಿ ಯಾರ ನೆನಪಿನಲ್ಲಿ, ಯಾವ ಕಾರಣಕ್ಕೆ, ಎಷ್ಟು ಕಾಲ ಬದುಕುತ್ತದೆ ಎಂಬ ಪ್ರಶ್ನೆ ಇದರಲ್ಲಿ ಅಡಗಿದೆ. ಅದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸ್ಥಳಪುರಾಣಗಳನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿವೆ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ 1902ರಲ್ಲಿ ಹೊರತಂದರು. ಆರ್. ನರಸಿಂಹಾಚಾರ್ಯರು ದೊಡ್ಡಗದ್ದವಳ್ಳಿಯ ದೇವಾಲಯವನ್ನು ಕುರಿತ ಪುಸ್ತಿಕೆಯನ್ನು 1919ರಲ್ಲಿ ಪ್ರಕಟಿಸಿದರು. ಈ ಪರಂಪರೆಗೆ ನಾವು ಸಲ್ಲಿಸಬೇಕಾದ ಋಣ ದೊಡ್ಡದು. ಆದರೆ ಈ ದಾರಿಯಲ್ಲಿ ಐತಿಹ್ಯವು ಊರಿನ ವಿವರಣೆಯ ಆರಂಭದಲ್ಲಿ ‘ಎಂದು ಹೇಳುತ್ತಾರೆ’ ಎಂಬ ಒಂದು ವಾಕ್ಯವಾಗಿ ಬಂದು, ನಿಜವಾದ ಚರಿತ್ರೆ ಮೊದಲಾದೊಡನೆ ಹಿಂದೆ ಸರಿಯುತ್ತದೆ. ಎರಡನೆಯದು ಕ್ಷೇತ್ರಮಹಿಮೆಯ ಕಿರುಹೊತ್ತಗೆಗಳ ದಾರಿ. ಅಲ್ಲಿ ಕಥೆಯೇ ಚರಿತ್ರೆಯಾಗುತ್ತದೆ. ಶಾಸನವು ಗುಡಿಯ ಪ್ರಾಚೀನತೆಗೆ ಒದಗಿದ ಅಲಂಕಾರ ಮಾತ್ರವಾಗುತ್ತದೆ. ಮೊದಲಿನವರು ಕಥೆಯನ್ನು ಸೋತ ಚರಿತ್ರೆಯೆಂದು ತಿಳಿದರು, ಎರಡನೆಯವರು ಗೆದ್ದ ಚರಿತ್ರೆಯೆಂದು ತಿಳಿದರು. ಅದು ಚರಿತ್ರೆಗಿಂತ ಬೇರೆಯಾದ ಇನ್ನೊಂದು ಕೆಲಸವನ್ನು ಮಾಡುತ್ತಿರಬಹುದೆಂಬ ಕಡೆಗೆ ಇಬ್ಬರ ಗಮನವೂ ಸಾಕಷ್ಟು ಹರಿದಿಲ್ಲ.

ಶಾಸನವು ವಾಸ್ತವ, ಐತಿಹ್ಯವು ಕಲ್ಪನೆ ಎಂಬ ವಿಭಜನೆಯೇ ಮೊದಲು ಸಡಿಲವಾಗಬೇಕು. ವಿಷ್ಣುವರ್ಧನನ ಕಾಲದಲ್ಲಿ, 1113ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ ದೊಡ್ಡಗದ್ದವಳ್ಳಿಯಲ್ಲಿ ಲಕ್ಷ್ಮೀದೇವಿಯ ಗುಡಿಯನ್ನು ಕಟ್ಟಿಸಿದರು. ಲಕ್ಷ್ಮಿಯ ಜೊತೆಗೆ ಕಾಳಿ, ವಿಷ್ಣು ಮತ್ತು ಭೂತನಾಥಲಿಂಗಕ್ಕೂ ಗರ್ಭಗೃಹಗಳಿರುವ ಚತುಷ್ಕೂಟವಿದು. ಶಾಸನ ಈ ಊರನ್ನು ‘ಅಭಿನವ ಕೊಲ್ಲಾಪುರ’ವೆಂದು ಕರೆಯುತ್ತದೆ. ಕೊಲ್ಲಾಪುರದ ಮಹಾಲಕ್ಷ್ಮಿಯ ಮಹಿಮೆಯನ್ನು ಒಂದು ಹಳ್ಳಿಗೆ ತಂದು ನೆಲೆಗೊಳಿಸುವ ಈ ಹೆಸರು ವಾಸ್ತವದ ವರದಿಯಲ್ಲ, ಒಂದು ಹಂಬಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಲಕ್ಷ್ಮೀನರಸಿಂಹನಿಗೂ 1249ರಲ್ಲಿ ಸದಾಶಿವನಿಗೂ ಗುಡಿ ಕಟ್ಟಿಸಿದಾಗ ಊರು ‘ವಿಜಯಸೋಮನಾಥಪುರ’ವಾಯಿತು. ಆಳುವ ದೊರೆ ಸೋಮೇಶ್ವರನ ಹೆಸರೂ ಶಿವನ ಹೆಸರೂ ಅದರಲ್ಲಿ ಒಂದಾಗಿವೆ. ಹಳೇಬೀಡಿನಲ್ಲಿಯೂ ಶಿವನು ಹೊಯ್ಸಳೇಶ್ವರನಾಗಿದ್ದಾನೆ. ಹೀಗಾಗಿ ಶಾಸನವೂ ಸ್ಥಳವನ್ನು ಪವಿತ್ರಗೊಳಿಸುವ ಕಥನವೇ ಹೌದು. ಆದರೆ ಅದರ ಕಥಾನಾಯಕ ದಾನಿ.

ಈ ಸಂಬಂಧ ತಿರುಗುಮುರುಗಾಗುವ ಒಂದು ನಿದರ್ಶನವನ್ನು ಇಲ್ಲಿ ನೆನೆಯಬಹುದು. ಚನ್ನರಾಯಪಟ್ಟಣವು ಮೊದಲು ಕೊಳತೂರೆಂಬ ಅಗ್ರಹಾರವಾಗಿತ್ತೆಂದೂ, ಸುಮಾರು 1600ರಲ್ಲಿ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪನಾಯಕನು ಚನ್ನರಾಯಸ್ವಾಮಿಗೆ ಹರಕೆ ಹೊತ್ತು ಪಡೆದ ಮಗನಿಗೆ ಆ ದೇವರ ಹೆಸರನ್ನೇ ಇಟ್ಟು ಈ ಊರನ್ನು ಅವನಿಗೆ ಕೊಟ್ಟನೆಂದೂ ಗೆಜೆಟಿಯರು ದಾಖಲಿಸಿದೆ. ಕೋರವಂಗಲದಲ್ಲಿ ಮನುಷ್ಯನ ಹೆಸರು ದೇವರಿಗೆ ಬಂದಿತು. ಚನ್ನರಾಯಪಟ್ಟಣದಲ್ಲಿ ದೇವರ ಹೆಸರು ಮಗುವಿಗೂ ಮಗುವಿನ ಮೂಲಕ ಊರಿಗೂ ಬಂದಿತು. ಎರಡನೆಯದು ಶಿವಕ್ಷೇತ್ರವಲ್ಲದಿದ್ದರೂ ಇಲ್ಲಿ ಪ್ರಸ್ತುತ: ದೇವರಿಗೆ ಹೆಸರು ಕೊಡುವ ಅಧಿಕಾರದಿಂದ ದೇವರ ಹೆಸರನ್ನು ಬೇಡಿ ಪಡೆಯುವ ವಿನಯಕ್ಕೆ ಜನಮನಸ್ಸು ಒಲಿಯುವ ದಿಕ್ಕನ್ನು ಅದು ತೋರಿಸುತ್ತದೆ.

ಅರಕಲಗೂಡಿನ ಐತಿಹ್ಯ ಈ ದಿಕ್ಕಿನಲ್ಲಿ ಇನ್ನೂ ಮುಂದೆ ಹೋಗುತ್ತದೆ. ಗೌತಮ ಋಷಿ ಇಲ್ಲಿ ಸೂರ್ಯನನ್ನು ಕುರಿತು ತಪಸ್ಸು ಮಾಡಿ ಅರ್ಕೇಶ್ವರನನ್ನು ಪ್ರತಿಷ್ಠಾಪಿಸಿದನು. ಅದರಿಂದ ಊರಿಗೆ ಅರ್ಕಪುರಿಯೆಂಬ ಹೆಸರಾಯಿತು. ಈಗಿನ ಪಟ್ಟಣವನ್ನು ಐಗೂರಿನ ಕೃಷ್ಣಪ್ಪನಾಯಕನು 1568ರ ಸುಮಾರಿಗೆ ಕಟ್ಟಿಸಿದನೆಂಬುದು ಗೆಜೆಟಿಯರಿನ ಮಾತು. ಕಥೆಯು ನಾಯಕನ ಹೆಸರನ್ನು ಎತ್ತುವುದೇ ಇಲ್ಲ. ಊರಿಗೆ ಹಕ್ಕುದಾರನಾಗಬಹುದಾದ ಒಬ್ಬ ಅರಸನನ್ನು ದಾಟಿ, ಯಾರೂ ವಾರಸುದಾರರಾಗಲಾರದ ಋಷಿಯವರೆಗೆ ಅದು ಹಿಂದಕ್ಕೆ ಚಾಚುತ್ತದೆ. ‘ಅರ್ಕ’ವೆಂದರೆ ಸೂರ್ಯ, ಎಕ್ಕದ ಗಿಡಕ್ಕೂ ಅದೇ ಹೆಸರು. ಆದ್ದರಿಂದ ಇದು ಊರಿನ ಹೆಸರನ್ನು ಸಂಸ್ಕೃತದ ಮೂಲಕ ಬಿಡಿಸಿದ ಪಂಡಿತರ ಕಥೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಸೂರ್ಯನನ್ನೂ ಶಿವನನ್ನೂ ಜೊತೆಗೂಡಿಸುವ ಕಲ್ಪನೆ ಈ ಸೀಮೆಗೆ ಹೊರಗಿನದಲ್ಲ. ಬೂಚೇಶ್ವರ ದೇವಾಲಯದಲ್ಲಿ ಲಿಂಗಕ್ಕೆ ಎದುರಾಗಿ ಸೂರ್ಯನ ಗರ್ಭಗೃಹವಿದೆ. ಹೊಯ್ಸಳೇಶ್ವರದ ನಂದಿಮಂಟಪದ ಹಿಂಬದಿಯಲ್ಲಿಯೂ ಸೂರ್ಯನಿಗೆ ಸ್ಥಾನವಿದೆ. ಶಿಲ್ಪಿಗಳು ಎದುರುಬದುರಾಗಿ ನಿಲ್ಲಿಸಿದ ಇಬ್ಬರು ದೇವತೆಗಳನ್ನು ಐತಿಹ್ಯವು ಒಂದೇ ಹೆಸರಿನಲ್ಲಿ ಬೆಸೆದಿದೆ. ಒಂದು ಇನ್ನೊಂದರಿಂದ ಹುಟ್ಟಿತೆಂದು ಹೇಳಬೇಕಾಗಿಲ್ಲ. ಎರಡೂ ಒಂದೇ ನಂಬಿಕೆಯ ಎರಡು ನುಡಿಗಳೆಂದರೆ ಸಾಕು.

ರಾಮನಾಥಪುರದ ಕಥೆ ಪ್ರಸಿದ್ಧವಾದುದು. ರಾವಣವಧೆಯಿಂದ ಬಂದ ಬ್ರಹ್ಮಹತ್ಯಾದೋಷದ ಪರಿಹಾರಕ್ಕಾಗಿ ಶ್ರೀರಾಮನು ಇಲ್ಲಿ ಲಿಂಗವನ್ನು ಪ್ರತಿಷ್ಠಾಪಿಸಿದನೆಂಬುದು ನಂಬಿಕೆ. ದಕ್ಷಿಣದ ರಾಮೇಶ್ವರದ ಲಿಂಗಪ್ರತಿಷ್ಠೆಯ ಕಥೆಯು ಸ್ಕಾಂದಪುರಾಣದ ಸೇತುಮಾಹಾತ್ಮ್ಯದಲ್ಲಿ ವಿಸ್ತಾರವಾಗಿ ಬರುತ್ತದೆ. ಅದರ ಪ್ರತಿಧ್ವನಿ ಕರ್ನಾಟಕದ ಅನೇಕ ಊರುಗಳಲ್ಲಿ ಕೇಳಿಸುತ್ತದೆ. ಕೋಲಾರ ಜಿಲ್ಲೆಯ ಆವಣಿಯಲ್ಲಂತೂ ರಾಮನಷ್ಟೇ ಅಲ್ಲದೆ ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನಲ್ಲಿಯೂ ಈಶ್ವರ ಗುಡಿಗಳಿವೆ. ಇಷ್ಟು ಕಡೆ ಹರಡಿದ ಕಥೆಯು ಯಾವ ಒಂದು ಸ್ಥಳದ ವಿಶಿಷ್ಟ ಗುಣವನ್ನೂ ಹೇಳಲಾರದು. ಸೇತುಯಾತ್ರೆ ಮಾಡಲಾರದ ಬಡವನಿಗೆ ಕಾವೇರಿಯ ದಡದಲ್ಲಿಯೇ ರಾಮೇಶ್ವರವನ್ನು ಒದಗಿಸಿಕೊಟ್ಟುದು ಅದರ ಸಾರ್ಥಕತೆ. ಆದರೂ ವಿಮರ್ಶೆಯ ದೃಷ್ಟಿಯಿಂದ ರಾಮನಾಥಪುರದ ಹೆಚ್ಚು ಮೌಲಿಕವಾದ ಸಂಪ್ರದಾಯವೆಂದರೆ ರಾಮನ ಕಥೆಯಲ್ಲ, ಹೊಳೆಯ ಮೀನು. ಇಲ್ಲಿಯ ವಹ್ನಿಪುಷ್ಕರಿಣಿಯೆಂಬ ಮಡುವಿನಲ್ಲಿ ಮಹಶೀರ್ ಮೊದಲಾದ ಮೀನುಗಳನ್ನು ದೇವರ ಮೀನುಗಳೆಂದು ಭಾವಿಸಿ ಹಿಡಿಯದೆ ಬಿಡಲಾಗಿದೆ. ಯಾತ್ರಿಕರು ಅವಕ್ಕೆ ಆಹಾರ ಹಾಕುತ್ತಾರೆ. ಶೃಂಗೇರಿಯ ತುಂಗೆಯಲ್ಲಿಯೂ ಇಂಥ ನಡಾವಳಿಯಿದೆ. ಅಗ್ನಿಯ ಹೆಸರಿನ ಮಡುವಿನಲ್ಲಿ ಜಲಚರಗಳಿಗೆ ಅಭಯವಿರುವ ಈ ವಿಧಿ ಯಾವ ಮಹಾತ್ಮೆಗಿಂತಲೂ ಕಡಿಮೆಯದಲ್ಲ. ಕಥೆಯನ್ನು ಎಲ್ಲಿಂದಲಾದರೂ ತರಬಹುದು. ಸಂಯಮವನ್ನು ಮಾತ್ರ ಆ ಊರೇ ದಿನದಿನವೂ ಪಾಲಿಸಬೇಕು.

ಹಾಸನದ ನಿದರ್ಶನ ಇವೆಲ್ಲಕ್ಕಿಂತ ಭಿನ್ನ. ಇಲ್ಲಿ ಸಿದ್ಧೇಶ್ವರನೆಂಬ ಶಿವನು ಹಾಸನಾಂಬೆಯ ಆವರಣದಲ್ಲಿದ್ದಾನೆ. ಸಪ್ತಮಾತೃಕೆಯರು ಈ ಕಡೆ ವಿಹಾರಕ್ಕೆ ಬಂದಾಗ ಮೂವರು ಇಲ್ಲಿ ಹುತ್ತದ ರೂಪದಲ್ಲಿ, ಮೂವರು ದೇವಿಗೆರೆಯಲ್ಲಿ, ಒಬ್ಬಳು ಕೆಂಚಾಂಬೆಯಾಗಿ ಹೊಸಕೋಟೆಯಲ್ಲಿ ನೆಲೆಸಿದರೆಂಬ ನಂಬಿಕೆಯಿದೆ. ನಾಯಕನೊಬ್ಬನು ಬೇಟೆಗೆ ಹೊರಟಾಗ ಮೊಲವು ಅಡ್ಡಹಾಯ್ದು ಊರೊಳಗೆ ನುಗ್ಗಲು, ಅಪಶಕುನವೆಂದು ಕಳವಳಗೊಂಡ ಅವನಿಗೆ ದೇವಿ ಕಾಣಿಸಿಕೊಂಡು, ಮೊಲವೆದ್ದ ಜಾಗದಲ್ಲಿ ಕೋಟೆ ಕಟ್ಟಿಸೆಂದು ಹೇಳಿದಳೆಂಬುದು ಇನ್ನೊಂದು ಕಥೆ. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆದ ಬಾಗಿಲು ಬಲಿಪಾಡ್ಯಮಿಯ ಮರುದಿನ ಮುಚ್ಚಿದರೆ ಮತ್ತೆ ತೆರೆಯುವುದು ಮುಂದಿನ ವರ್ಷವೇ. ಇಲ್ಲಿ ಪ್ರತಿಷ್ಠಾಪಕನಿಲ್ಲ, ಹುತ್ತವನ್ನು ಯಾರೂ ಕಟ್ಟಿಸಲಿಲ್ಲ.

ಈ ಕ್ಷೇತ್ರದ ಐತಿಹ್ಯಗಳಲ್ಲಿ ಮನಸ್ಸನ್ನು ಅತಿಯಾಗಿ ಕಲಕುವುದು ಸೊಸೆಕಲ್ಲಿನ ಕಥೆ. ದೇವಿಯ ದರ್ಶನಕ್ಕೆ ಬಂದಿದ್ದ ಸೊಸೆಯ ತಲೆಗೆ ಅತ್ತೆ ಹೊಡೆದಳು; ನೋವಿನಿಂದ ಅವಳು ದೇವಿಯನ್ನು ಕೂಗಿದಳು; ದೇವಿ ಅವಳನ್ನು ಕಲ್ಲಾಗಿಸಿ ತನ್ನ ಸನ್ನಿಧಿಯಲ್ಲಿ ಇರಿಸಿಕೊಂಡಳು. ಆ ಕಲ್ಲು ವರ್ಷಕ್ಕೊಂದು ಕಾಳಿನಷ್ಟು ದೇವಿಯ ಪಾದದ ಕಡೆಗೆ ಸರಿಯುತ್ತಿದೆ. ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ. ಒಡವೆ ಕದಿಯಲು ಬಂದ ಕಳ್ಳರೂ ಇಲ್ಲಿ ಕಲ್ಲಾದರು. ಅವರಿಗೂ ಕಳ್ಳಪ್ಪನ ಗುಡಿಯೆಂಬ ಗುಡಿಯಿದೆ. ಕಳ್ಳರಿಗೆ ಶಿಲೆಯಾಗುವುದು ಶಿಕ್ಷೆ, ಸೊಸೆಗೆ ಅದೇ ರಕ್ಷೆ. ಮನೆಯೊಳಗೆ ನ್ಯಾಯ ಸಿಗದ ಹೆಣ್ಣೊಬ್ಬಳ ದೂರನ್ನು ಯುಗಾಂತ್ಯದ ಅಳತೆಗೋಲನ್ನಾಗಿ ಮಾಡಿದ ಜನಪದ ಪ್ರತಿಭೆಗೆ ಬೆರಗಾಗಬೇಕು. ಆದರೂ ಒಂದು ಮಾತನ್ನು ಹೇಳದೆ ಇರಲಾಗದು: ಈ ಕಥೆಯು ಅತ್ತೆಗೆ ಯಾವ ದಂಡನೆಯನ್ನೂ ವಿಧಿಸುವುದಿಲ್ಲ, ಸೊಸೆಗೆ ಮರಳಿ ಮನುಷ್ಯಜೀವವನ್ನೂ ಕೊಡುವುದಿಲ್ಲ. ಕಾಳಿನಷ್ಟು ಮಾತ್ರ ಸರಿಯುವ ಆ ಕಲ್ಲಿನಲ್ಲಿ ಕರುಣೆ ಎಷ್ಟಿದೆಯೋ ಸಮಾಜದ ನಿಧಾನವೂ ಅಷ್ಟೇ ಇದೆ. ಐತಿಹ್ಯವನ್ನು ಗೌರವಿಸುವುದೆಂದರೆ ಅದರ ಈ ಮೌನವನ್ನೂ ಓದುವುದು.

ಇದು ವಿದ್ವತ್ತಿಗಷ್ಟೇ ಸೇರಿದ ಪ್ರಶ್ನೆಯಲ್ಲ. ಹಾಸನಾಂಬೆಯ ಬಾಗಿಲು ತೆರೆದಾಗ ಲಕ್ಷಾಂತರ ಜನ ಸೇರುತ್ತಾರೆ. ಕೋರವಂಗಲದ ಗುಡಿ ಕಲೆಯಲ್ಲಿ ಯಾವುದಕ್ಕೂ ಕಡಿಮೆಯಲ್ಲ. ಆದರೂ ಅಲ್ಲಿಗೆ ಬರುವವರು ಹೆಚ್ಚಾಗಿ ಶಿಲ್ಪಾಸಕ್ತರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆ ಬೆಳಕು ಸಣ್ಣ ಊರುಗಳ ಹೊಯ್ಸಳ ಗುಡಿಗಳವರೆಗೆ ಹಬ್ಬಿದ್ದು ಕಡಿಮೆ. 2020ರ ನವೆಂಬರಿನಲ್ಲಿ ದೊಡ್ಡಗದ್ದವಳ್ಳಿಯ ಕಾಳಿಯ ವಿಗ್ರಹ ಭಗ್ನವಾಗಿ ಕಂಡುಬಂದಿತು. ಕಟ್ಟಿಸಿದವರ ಹೆಸರು, ಕಾಲ, ಊರಿನ ಬಿರುದು ಎಲ್ಲವೂ ಶಾಸನದಲ್ಲಿ ಭದ್ರವಾಗಿರುವ ಸಂರಕ್ಷಿತ ಸ್ಮಾರಕವದು. ದಾಖಲೆ ಗುಡಿಯನ್ನು ಗುರುತಿಸಿಕೊಡಬಲ್ಲುದು, ಕಾಯಲು ಅದೊಂದೇ ಸಾಲದು. ಇದರ ಇನ್ನೊಂದು ಮುಖವೂ ಇದೆ. ಜನ ತುಂಬಿದ ಕ್ಷೇತ್ರಗಳಲ್ಲಿ ಜೀರ್ಣೋದ್ಧಾರದ ಉತ್ಸಾಹ ಮಿತಿಮೀರಿದರೆ ಹಳೆಯ ಕಲ್ಲು ಸುಣ್ಣಬಣ್ಣಗಳ ಕೆಳಗೆ ಮರೆಯಾಗುತ್ತದೆ. ಕಥೆಯಿಲ್ಲದ ಗುಡಿ ಒಂಟಿಯಾಗುತ್ತದೆ. ಕಥೆಯೊಂದನ್ನೇ ನೆಚ್ಚಿದ ಗುಡಿ ತನ್ನ ದಾನಿಯನ್ನೂ ಶಿಲ್ಪಿಯನ್ನೂ ಕಳೆದುಕೊಳ್ಳುತ್ತದೆ.

ಹಾಗೆಂದು ಕೋರವಂಗಲಕ್ಕೆ ಹೊಸದೊಂದು ಪುರಾಣವನ್ನು ಹೊಸೆಯಬೇಕಾಗಿಲ್ಲ. ಶಾಸನಗಳಲ್ಲಿಯೇ ಹೇಳದೆ ಉಳಿದ ಕಥೆಗಳಿವೆ. ಒಂದೇ ಊರಿನಲ್ಲಿ ಶಿವನಿಗೆ ಗುಡಿಗಳನ್ನೆತ್ತಿಸಿದ ಸೋದರರು, ಗಂಡನ ಜೊತೆ ಸರಿಸಮನಾಗಿ ಹೆಸರು ಬರೆಸಿಕೊಂಡ ಸಹಜಾದೇವಿ ಯಾವ ಸ್ಥಳಪುರಾಣದ ಪಾತ್ರಗಳಿಗೂ ಕಡಿಮೆಯಲ್ಲ. ಇವರನ್ನು ಲಿಪಿತಜ್ಞರ ಸಂಪುಟಗಳಿಂದ ಊರಿನ ಶಾಲೆಯ ಮಕ್ಕಳ ಬಾಯಿಗೆ ತಲುಪಿಸುವ ಕೆಲಸ ಇನ್ನೂ ಆಗಬೇಕಾಗಿದೆ. ಹಾಗೆಯೇ ಅರ್ಕೇಶ್ವರ, ರಾಮೇಶ್ವರ, ಸಿದ್ಧೇಶ್ವರರ ಸನ್ನಿಧಿಯ ಹಿರಿಯರ ಬಾಯಲ್ಲಿರುವ ಕಥೆಗಳನ್ನು, ಅವುಗಳ ಪಾಠಭೇದಗಳೊಡನೆ, ಶಾಸನಕ್ಕೆ ತೋರುವ ಅದೇ ಶ್ರದ್ಧೆಯಿಂದ ಬರೆದಿಡಬೇಕಾಗಿದೆ. ಬೂಚೇಶ್ವರನಲ್ಲಿ ಬೂಚಿರಾಜನೂ ಇದ್ದಾನೆ, ಈಶ್ವರನೂ ಇದ್ದಾನೆ. ಇಬ್ಬರಲ್ಲಿ ಒಬ್ಬನನ್ನು ಮಾತ್ರ ಕಾಣುವ ಓದು ಅರ್ಧ ಓದಾಗುತ್ತದೆ.