ವತ್ಸ ಮತ್ತು ವಾತ್ಸಲ್ಯ: ಮರಿಯ ಕುತೂಹಲವನ್ನು ಕುರಿತು

ವಾತ್ಸಲ್ಯವೆಂಬ ಶಬ್ದ ‘ವತ್ಸ’ದಿಂದ ಹುಟ್ಟಿದುದು, ವತ್ಸವೆಂದರೆ ಕರು. ತಾಯಿಯ ಭಾವಕ್ಕೆ ಕರುವಿನ ಹೆಸರನ್ನಿಟ್ಟ ನಮ್ಮ ಕಾವ್ಯಪರಂಪರೆಯು ಕರುವಿನ ಸ್ವಂತ ಭಾವವನ್ನು, ಅದರಲ್ಲಿಯೂ ಹೊಸದನ್ನು ಕಂಡು ಮೂಸಿ ಮುಟ್ಟಿ ನೋಡುವ ಅದರ ಕುತೂಹಲವನ್ನು, ಎಷ್ಟರಮಟ್ಟಿಗೆ ಲಕ್ಷಿಸಿದೆಯೆಂಬುದು ವಿಚಾರಣೀಯ.

‘ಶಾಕುಂತಲ’ದ ನಾಲ್ಕನೆಯ ಅಂಕದಲ್ಲಿ ಜಿಂಕೆಯ ಮರಿ ಶಕುಂತಲೆಯ ಸೆರಗನ್ನು ಹಿಡಿದು ತಡೆಯುತ್ತದೆ, ಏಳನೆಯ ಅಂಕದಲ್ಲಿ ಬಾಲಕ ಸರ್ವದಮನನು ಸಿಂಹದ ಮರಿಯ ಹಲ್ಲುಗಳನ್ನು ಎಣಿಸಹೊರಡುತ್ತಾನೆ. ಕುತೂಹಲ ಹುಡುಗನದು, ಮರಿ ಅದಕ್ಕೆ ವಿಷಯ ಮಾತ್ರ. ನಮ್ಮ ಗೋವಿನ ಹಾಡಿನ ಕರುವಾದರೂ ಪ್ರಶ್ನೆ ಕೇಳುತ್ತದೆ. ಆದರೆ ಯಾರ ಮೊಲೆಯುಣ್ಣಲಿ, ಯಾರ ಬಳಿ ಮಲಗಲಿ ಎಂಬ ಆ ಪ್ರಶ್ನೆಗಳೆಲ್ಲ ತಾಯಿಯ ಕಡೆಗೇ ಮುಖ ಮಾಡಿದವು. ಕಾಡು ಹೇಗಿದೆ, ಹುಲಿಯೆಂದರೆ ಏನು ಎಂದು ಅದು ಕೇಳುವುದಿಲ್ಲ.

ಇದನ್ನು ಕೊರತೆಯೆಂದುಬಿಡುವುದು ಅವಸರದ ತೀರ್ಮಾನ. ಗೊರಸುಳ್ಳ ಪ್ರಾಣಿಗಳ ಎಳೆಯವುಗಳಲ್ಲಿ ಎರಡು ಬಗೆಯುಂಟು. ಕುರಿಯ ಮರಿ ಹುಟ್ಟಿದ ಕೆಲವು ಗಂಟೆಗಳಲ್ಲಿಯೇ ತಾಯಿಯ ಬೆನ್ನುಹತ್ತುತ್ತದೆ. ಆಡಿನ ಮರಿಯೂ ಆಕಳ ಕರುವೂ ಮೊದಲ ಕೆಲವು ದಿನ ಅಡಗಿ ಮಲಗಿದ್ದು, ಮೇದು ಬರುವ ತಾಯಿಗಾಗಿ ಕಾಯುತ್ತವೆ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆಯ ಕುರಿಗಾರರಿಗೆ ಇದು ಪಾಠ ಹೇಳಬೇಕಾದ ಸಂಗತಿಯಲ್ಲ. ಕೊಟ್ಟಿಗೆಯಲ್ಲಿ ಕಾದಿರುವ ಎಳಗರುವನ್ನು ಚಿತ್ರಿಸಿದ ಹಾಡು, ಹಾಗೆ ನೋಡಿದರೆ, ಪ್ರಾಣಿಸ್ವಭಾವಕ್ಕೆ ನಿಷ್ಠವಾಗಿಯೇ ಇದೆ.

ಪ್ರಯೋಗಶಾಲೆಗಳು ಹೇಳುವುದೂ ಗಮನಾರ್ಹವಾಗಿದೆ. ಯಾವ ತಿನಿಸಿನ ಆಸೆಯೂ ಇಲ್ಲದೆ ಕೋತಿಗಳು ಚಿಲಕಗಳ ಒಗಟನ್ನು ಬಿಡಿಸುತ್ತವೆಂದು ಹಾರ್ಲೋ 1950ರಲ್ಲಿ ತೋರಿಸಿದನು. ಹೊರಗಿನ ನೋಟವೊಂದಕ್ಕಾಗಿಯೇ ಅವು ಕಿಟಕಿ ತೆರೆಯಲು ಕಲಿಯುತ್ತವೆಂದು ಬಟ್ಲರ್ 1953ರಲ್ಲಿ ತೋರಿಸಿದನು. ಕುತೂಹಲವು ಹಸಿವಿನ ಆಳಲ್ಲವೆಂಬುದು ಇದರಿಂದ ಸಿದ್ಧವಾಯಿತು. ಆದರೆ ಹೆಚ್ಚು ಮಹತ್ತ್ವದ್ದು 1958ರಲ್ಲಿ ಹಾರ್ಲೋ ಪ್ರಕಟಿಸಿದ ಇನ್ನೊಂದು ಫಲಿತಾಂಶ. ಅಪರಿಚಿತ ಕೋಣೆಯಲ್ಲಿ ಬಟ್ಟೆಯ ಕೃತಕ ತಾಯಿ ಇದ್ದಾಗ ಮರಿ ಅದನ್ನಪ್ಪಿ, ಬಿಟ್ಟು ಹೋಗಿ, ವಸ್ತುಗಳನ್ನು ಪರೀಕ್ಷಿಸಿ, ಮರಳಿ ಬರುತ್ತಿತ್ತು. ಅದಿಲ್ಲದಾಗ ಮುದುಡಿ ಕುಳಿತುಬಿಡುತ್ತಿತ್ತು. ಅಂದಮೇಲೆ ವಾತ್ಸಲ್ಯ ಕುತೂಹಲಗಳನ್ನು ಪರಸ್ಪರ ವಿರೋಧಿಗಳೆಂದು ಓದುವುದು ಸರಿಯಲ್ಲ.

ಹಂಪೆಯ ಬಂಡೆಗಳ ಮೇಲೆ ನಾವು ಕಾಣುವ ಕೋತಿಯ ಜಾತಿಯನ್ನೇ ನ್ಯೂಯಾರ್ಕಿನಲ್ಲಿ ಸಾಕಿ ಕೌಫ್‌ಮನ್ ಮತ್ತು ರೋಸೆನ್‌ಬ್ಲಂ 1960ರ ದಶಕದಲ್ಲಿ ಅಭ್ಯಸಿಸಿದರು. ಈ ಕೋತಿಯ ತಾಯಿ, ಹಂದಿಬಾಲದ ಕೋತಿಯ ತಾಯಿಯಂತೆ, ಮರಿಯನ್ನು ಬಿಗಿಹಿಡಿಯುವುದಿಲ್ಲ. ಅದರ ಮರಿ ಹೆಚ್ಚು ಧಾರಾಳವಾಗಿ ದೂರ ಹೋಗುತ್ತದೆ. ತಾಯಿಯನ್ನು ಬೇರ್ಪಡಿಸಿದಾಗ ಗುಂಪಿನ ಇತರ ಹೆಣ್ಣುಗಳು ಮರಿಯನ್ನು ಹತ್ತಿರ ತೆಗೆದುಕೊಂಡವು. ಪುಣ್ಯಕೋಟಿ ತನ್ನ ತಬ್ಬಲಿಯನ್ನು ಒಡನಾಡಿ ಹಸುಗಳಿಗೆ ಒಪ್ಪಿಸುವ ಸನ್ನಿವೇಶ ಇಲ್ಲಿ ನೆನಪಾಗದಿರದು. (ನಿಜವಾದ ಹಸು ಪರರ ಕರುವಿಗೆ ಸುಲಭವಾಗಿ ಮೊಲೆ ಕೊಡದು. ಹಾಡಿನ ದನದ ಮಂದೆ ಈ ವಿಷಯದಲ್ಲಿ ಮನುಷ್ಯರಿಗೂ ಕೋತಿಗೂ ಹತ್ತಿರ.) ಪಂಜರದ ನಡವಳಿಕೆಯನ್ನು ಬಯಲಿನ ನಡವಳಿಕೆಯೆಂದು ಒಪ್ಪಲಾಗದೆಂಬ ಆಕ್ಷೇಪ ಉಳಿದೇ ಇದೆ, ಮೈಸೂರು ಸೀಮೆಯಲ್ಲಿ ಇದೇ ಕೋತಿಯನ್ನು ಬಯಲಿನಲ್ಲಿಯೇ ಕಂಡು ಸೈಮಂಡ್ಸ್ 1965ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಜೊತೆಗಿಟ್ಟು ಓದುವುದು ಆದುದರಿಂದ ಅವಶ್ಯ.

ಗೋವಿನ ಹಾಡಿನ ಮಿತಿ ಬೇರೆಡೆ ಇದೆ. ಅದು ಮರಳುವಿಕೆಯನ್ನು ಹಾಡಿತು, ಹೊರಡುವಿಕೆಯನ್ನಲ್ಲ, ಮರಳುವವಳೂ ತಾಯಿಯೇ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಿಂದ ಕರಡಿಧಾಮವಿದೆ. ಕರಡಿಯ ಮರಿ ಕುರುಡಾಗಿ ಹುಟ್ಟಿ, ಸುಮಾರು ಮೂರು ವಾರಗಳಿಗೆ ಕಣ್ಣುಬಿಟ್ಟು, ಎರಡು ಮೂರು ತಿಂಗಳಾದಾಗ ತಾಯಿಯ ಬೆನ್ನೇರಿ ಗವಿಯಿಂದ ಹೊರಬರುತ್ತದೆ. ತಾಯಿ ಹುತ್ತವನ್ನು ಕೆದಕುವಾಗ ಇಳಿದು, ತಾನೂ ಮೂಸಿ, ಸದ್ದಾದರೆ ಮತ್ತೆ ಬೆನ್ನೇರುತ್ತದೆ. ಈ ಇಳಿದು ಏರುವ ಆಟಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ‘ವತ್ಸ’ದಿಂದ ಹುಟ್ಟಿದ ಹೆಸರಿಲ್ಲ.