ಪ್ರೌಢಶಾಲೆಯಲ್ಲಿ ಧರ್ಮ-ನೀತಿಬೋಧೆ: ಒಂದು ಶಾಸನಪಾಠದ ವಿಮರ್ಶೆ

ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮತಬೋಧೆಯನ್ನು ಸಂವಿಧಾನದ 28ನೆಯ ವಿಧಿ ನಿಷೇಧಿಸುತ್ತದೆ. ಧರ್ಮಗಳನ್ನು ಕುರಿತ ಅಧ್ಯಯನಕ್ಕೆ ಇದು ಅಡ್ಡಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಸ್ಪಷ್ಟಪಡಿಸಿತು. ಹಾಗಾದರೆ ಪ್ರೌಢಶಾಲೆಯ ವಿದ್ಯಾರ್ಥಿಗೆ ಓದಿಸಬೇಕಾದುದೇನು? ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ 1368ರ ಶಾಸನ ಅಂಥದೊಂದು ಪಠ್ಯ.

ಇದನ್ನು ಧರ್ಮಸಮನ್ವಯದ ಸಾಕ್ಷ್ಯವೆಂದು ಕೊಂಡಾಡಿ ಮುಗಿಸುವುದು ರೂಢಿ. ಆದರೆ ಶಾಸನದ ಒಡಲು ಅಷ್ಟು ಸರಳವಲ್ಲ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಿ ಜೈನರು ಅರಸನಲ್ಲಿ ಮೊರೆಯಿಡುತ್ತಾರೆ. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸುತ್ತಾನೆ. ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ಜೈನರ ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ಕೂಡಿಸಿ, ತಿರುಮಲೆಯ ತಾತಯ್ಯನು ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಬೇಕು; ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂಬುದು ಅದರ ಕಟ್ಟಳೆ.

ಭೇದವಿಲ್ಲವೆಂದು ಸಾರಿದ ಮೇಲೂ ಕಾವಲೇಕೆ ಬೇಕಾಯಿತು? ಕಾವಲಿನ ವೆಚ್ಚವನ್ನು ಮೊರೆಯಿಟ್ಟವರೇ ಹೊರುವುದು ನ್ಯಾಯವೇ? ಕಾವಲಿನ ಹೊಣೆ ಎದುರು ಪಕ್ಷದವನ ಮೇಲೆಯೇ ಬಿದ್ದುದರ ಔಚಿತ್ಯವೇನು? ಮೊದಲನೆಯದು ಧರ್ಮದ ಇತಿಹಾಸಕ್ಕೆ, ಉಳಿದೆರಡು ನೀತಿಶಾಸ್ತ್ರಕ್ಕೆ ಸೇರಿದ ಪ್ರಶ್ನೆಗಳು. ಇವನ್ನು ಕೈಬಿಟ್ಟ ಪಾಠ ಬರಿಯ ಉಪದೇಶವಾಗುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡುಗಳ ಮಕ್ಕಳು ಒಂದೇ ದಿನದಲ್ಲಿ ಹೋಗಿ ಕಂಡುಬರಬಹುದಾದ ಈ ಕಲ್ಲು, ಸೌಹಾರ್ದವೆಂಬುದು ಸಹಜವಾಗಿ ಒದಗುವುದಲ್ಲ, ಕಟ್ಟಳೆಯಿಂದ ಕಾಯ್ದುಕೊಳ್ಳಬೇಕಾದುದು ಎಂಬುದನ್ನು ಕಲಿಸಬಲ್ಲದು.