ಬೋರ್ ಎಷ್ಟಡಿ?

ಹೋದ ಬೇಸಿಗೆಯಲ್ಲಿ ನಾನೊಂದು ಘನಂದಾರಿ ಕೆಲಸ ಮಾಡಿದೆ. ಬೆಂಗಳೂರಿನ ಟ್ರಾಫಿಕ್ಕಲ್ಲಿ ಆಫೀಸ್ ಕ್ಯಾಬಿನೊಳಗೆ ಕೂತು ಊರಿನ ಬೋರ್‌ವೆಲ್ಲಿಗೆ ಕೇಬಲ್ ಆರ್ಡರ್ ಮಾಡಿದೆ. ತರೀಕೆರೆ ಅಂಗಡಿಗಿಂತ ರೇಟ್ ಕಮ್ಮಿ, ಮನೆ ಬಾಗಿಲಿಗೇ ಬರುತ್ತೆ. ಅಪ್ಪನಿಗೆ ಫೋನ್ ಮಾಡಿ, ಪೇಟೆಗೆ ಓಡಾಡೋದೇನೂ ಬೇಡ ಅಂದೆ. ಊರಲ್ಲಿ ಅಪ್ಪ ಅಮ್ಮ ಇರೋ ನೀವೂ ಇಂಥ ಉಪಕಾರ ಮಾಡಿರ್ತೀರಿ.

ನಮ್ಮೂರು ತರೀಕೆರೆಗೂ ಅಜ್ಜಂಪುರಕ್ಕೂ ನಡುವೆ. ಬೋರ್ 800 ಅಡಿ, ಮೋಟರ್ ಇಳಿಸಿರೋದು 750ಕ್ಕೆ, ಏಳೂವರೆ ಎಚ್‌ಪಿ. ನಾನು ತರಿಸಿದ್ದು 2.5 ಸ್ಕ್ವೇರ್ ಎಂಎಂ ಕೇಬಲ್. ಅಷ್ಟು ಸಣ್ಣ ತಾಮ್ರದಲ್ಲಿ ಕರೆಂಟ್ ತಳ ಮುಟ್ಟೋ ಹೊತ್ತಿಗೆ ಸುಮಾರು 30 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತೆ. ಬೇಸಿಗೇಲಿ ನಮ್ಮ ಕಡೆ ವೋಲ್ಟೇಜ್ ಮೊದಲೇ ಕಮ್ಮಿ. ಮೋಟರ್ ಜಾಸ್ತಿ ಆಂಪ್ಸ್ ಎಳೆಯುತ್ತೆ, ಕಾಯುತ್ತೆ, ಕೊನೆಗೆ ವೈಂಡಿಂಗ್ ಸುಡುತ್ತೆ. ಹದಿನೈದೇ ದಿನಕ್ಕೆ ಸುಟ್ಟಿತು. ಮೋಟರ್ ಇಳಿಸೋಕೆ ಬಂದ ಹುಡುಗರು "ತಂತಿ ಸಣ್ಣ ಆಯ್ತಲ್ವಾ ಯಜಮಾನ್ರೇ" ಅಂದಿದ್ರಂತೆ. "ಮಗ ಇಂಜಿನಿಯರ್ರು, ನೋಡೇ ತರಿಸಿರ್ತಾನೆ" ಅಂದ್ರಂತೆ ಅಪ್ಪ.

ಕಳಿಸಿದವರದ್ದು ಏನೂ ತಪ್ಪಿಲ್ಲ. ನಾನು ಕೇಳಿದ್ದನ್ನೇ, ಹೇಳಿದ ದಿನಕ್ಕೇ ಕಳಿಸಿದ್ದಾರೆ. ಆ ಪುಟದಲ್ಲಿ ಫೋಟೋ ಇತ್ತು, ಸ್ಟಾರ್ ಇತ್ತು, ರಿವ್ಯೂ ಇತ್ತು. ನನ್ನನ್ನು ಏನನ್ನೂ ಕೇಳಲಿಲ್ಲ, ಅಷ್ಟೇ.

ತರೀಕೆರೆಯ ಮೋಟರ್ ಸಾಮಾನಿನ ಅಂಗಡಿಯಲ್ಲಿ ಕೇಬಲ್ ಕೊಡಿ ಅಂದರೆ ಯಾರೂ ಎದ್ದು ಕೇಬಲ್ ಕಡೆ ಹೋಗಲ್ಲ. ಬೋರ್ ಎಷ್ಟಡಿ, ಎಷ್ಟಕ್ಕೆ ಇಳಿಸಿದೀರಿ, ಎಷ್ಟು ಎಚ್‌ಪಿ, ಪಂಪ್ ಎಷ್ಟು ಸ್ಟೇಜು, ಟಿಸಿಯಿಂದ ಸ್ಟಾರ್ಟರಿಗೆ ಎಷ್ಟು ದೂರ? ಹುಡುಗನಾಗಿದ್ದಾಗ ಅಪ್ಪನ ಜೊತೆ ಹೋಗಿ ನಿಂತು ನಿಂತು ಕಾಲು ನೋಯ್ತಿತ್ತು. ಇದೆಲ್ಲ ಯಾಕೆ ಬೇಕು ಇವರಿಗೆ ಅನ್ನಿಸ್ತಿತ್ತು.

ಈ ಸಲ ಅಪ್ಪ ಹೋಗೋಕೆ ಒಪ್ಪಲಿಲ್ಲ. "ಬೇರೆ ಕಡೆ ತಂದು ಸುಟ್ಕೊಂಡು ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ? ನೀನೇ ಹೋಗು." ಹೋದೆ. ಅಂಗಡಿಯವರು ಹಂಗಿಸಲಿಲ್ಲ. "ಬೋರ್ ಎಷ್ಟಡಿ ತಮ್ಮಾ?" ಅಂದ್ರು. 4 ಸ್ಕ್ವೇರ್ ಎಂಎಂ ಬೇಕು ಅಂದ್ರು. ಆದರೆ ಅದು ಅವರ ಹತ್ರ ಇರಲಿಲ್ಲ. "ಈಗ ರೋಲ್ ಇಡಲ್ಲಪ್ಪ. ದುಡ್ಡು ಹಾಕಿ ಇಟ್ಕೊಂಡು ಕೂತ್ರೆ, ಬಂದೋರು ಸೈಜ್ ಕೇಳ್ಕೊಂಡು, ಫೋಟೋ ಹೊಡ್ಕೊಂಡು ಹೋಗ್ತಾರೆ." ಶಿವಮೊಗ್ಗದಿಂದ ಬರೋಕೆ ಎರಡು ದಿನ ಆಯ್ತು. ಏಪ್ರಿಲ್ ಬಿಸಿಲು. ತೋಟದಲ್ಲಿ ಹಿಂಗಾರ ಒಣಗಿ ಉದುರ್ತಿತ್ತು.

ಸಣ್ಣ ಅಂಗಡಿಗಳು ಮುಚ್ಚಿಹೋದವು ಅಂತ ಗೋಳಾಡೋ ಲೇಖನಗಳನ್ನ ನಾನು ನಂಬಲ್ಲ. ಅವುಗಳಲ್ಲಿ ಅಂಗಡಿಯವರೆಲ್ಲ ದೇವರಂಥೋರು. ನಾನು ಕಂಡ ಅಂಗಡಿಗಳಲ್ಲಿ ಬಿಲ್ ಕೇಳಿದ್ರೆ ಮುಖ ಸಿಂಡರಿಸ್ತಿದ್ರು. ಹೆಂಗಸರು ಬಂದ್ರೆ "ಮನೇಲಿ ಗಂಡಸ್ರನ್ನ ಕಳ್ಸಿ" ಅಂತಿದ್ರು. ಯಾರಿಗೆ ಸ್ಟೂಲು, ಯಾರು ಮೆಟ್ಟಿಲ ಕೆಳಗೇ ನಿಲ್ಲಬೇಕು ಅನ್ನೋದು ಜಾತಿ ನೋಡಿ ತೀರ್ಮಾನ ಆಗ್ತಿತ್ತು. ಆ್ಯಪ್ ನೀನು ಯಾರ ಮಗ ಅಂತ ಕೇಳಲ್ಲ. ಮೆಟ್ಟಿಲ ಕೆಳಗೆ ನಿಂತವರಿಗೆ ಅದು ದೊಡ್ಡ ಬಿಡುಗಡೆ.

ಇನ್ನು ಕೆಲವರ ಪ್ರಕಾರ ಇದು ಬರೀ ಡಿಸ್ಕೌಂಟಿನ ಜಗಳ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ, ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆಗಳಲ್ಲಿ ಅವುಗಳದ್ದೇ ಪಾಲಿರೋ ಕಂಪನಿಗಳು ಮಾಲು ಮಾರಬಾರದು ಅಂತ ನಿಯಮ ಬಿಗಿ ಮಾಡಿತು. ದೆಹಲಿ ವ್ಯಾಪಾರಿಗಳ ಸಂಘವೊಂದರ ದೂರಿನ ಮೇಲೆ 2020ರ ಜನವರಿಯಲ್ಲಿ ಸ್ಪರ್ಧಾ ಆಯೋಗ ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಅದನ್ನ ರದ್ದು ಮಾಡೋಕೆ 2021ರಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಕಡೂರಿನ ಮೊಬೈಲ್ ಅಂಗಡಿಯವರಿಗೆ ಈ ಜಗಳ ಸರಿಯಾಗಿ ಹೊಂದುತ್ತೆ. ಅದೇ ಡಬ್ಬ, ಅದೇ ಫೋನು, ರೇಟಷ್ಟೇ ಬೇರೆ. ತರೀಕೆರೆಯ ಕೇಬಲ್ ಕತೆ ಬೇರೆ. ಅಲ್ಲಿ ನಾವು ದುಡ್ಡು ಕೊಡ್ತಿದ್ದಿದ್ದು ಆ ಪ್ರಶ್ನೆಗಳಿಗೆ. ಅದಕ್ಕೆ ಬೇರೆ ಬಿಲ್ ಇರಲಿಲ್ಲ, ಕೇಬಲ್ ರೇಟಿನಲ್ಲೇ ಸೇರಿರ್ತಿತ್ತು. "ಅಡಿಕೆ ಕೊಯ್ಲಾದ್ಮೇಲೆ ಕೊಡಿ" ಅನ್ನೋ ಉದ್ರಿಯೂ ಅದರಲ್ಲೇ. ನಾವು ಆ ರೇಟನ್ನ ಮೊಬೈಲಲ್ಲಿ ತೋರಿಸೋ ರೇಟಿನ ಪಕ್ಕ ಇಟ್ಟು ದುಬಾರಿ ಅಂದ್ವಿ. ನಮ್ಮ ಆಫೀಸಲ್ಲಿ ಕ್ಲೈಂಟಿಗೆ ಒಂದು ಗಂಟೆ ಇಂಥವೇ ಪ್ರಶ್ನೆ ಕೇಳಿದರೆ ರಿಕ್ವೈರ್‌ಮೆಂಟ್ ಅನಾಲಿಸಿಸ್ ಅಂತ ಡಾಲರ್ ಲೆಕ್ಕದಲ್ಲಿ ಇನ್‌ವಾಯ್ಸ್ ಹೋಗುತ್ತೆ!

ಕೇಬಲ್ ಬಂದ ದಿನ ಅವರಿಗೆ ಇದನ್ನೇ ಹೇಳಿದೆ. "ಅಣ್ಣಾ, ಸೈಜ್ ಹೇಳೋಕೆ ಇನ್ನೂರು ರೂಪಾಯಿ ಅಂತ ಬೋರ್ಡ್ ಹಾಕ್ಬಿಡಿ. ಸಾಮಾನು ಎಲ್ಲಿಂದಾದ್ರೂ ತರ್ಲಿ, ನಿಮಗೇನು?" ನಕ್ಕರು. "ಮಾತಿಗೆ ದುಡ್ಡು ಇಸ್ಕೊಂಡ್ರೆ ಪೇಟೇಲಿ ತಲೆ ಎತ್ಕೊಂಡು ಓಡಾಡೋಕಾಗುತ್ತಾ?" ಅಂದರು. ಇಸ್ಕೊಳ್ಳದೆ ಅಂಗಡಿ ಎಷ್ಟು ವರ್ಷ ನಡೆಯುತ್ತೆ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ.

ಹೊರಡುವಾಗ ಕರೆದರು. "ಆ 2.5 ಕೇಬಲ್ ಎಸೀಬೇಡ ತಮ್ಮಾ. ನಿಮ್ಮ ಕೆಳಗಿನ ತೋಟದ ಹಳೇ ಬೋರ್ ಎಷ್ಟಡಿ?"

ಮುನ್ನೂರು ಅಂದೆ.

"ಅದಕ್ಕೆ ಆಗುತ್ತೆ, ಇಟ್ಕೋ."